ಅವರೆಕಾಯಿ ಕಾಲದಲ್ಲಿ ಥರ್ಮಾಕೋಲ್ ಹಿಮ ಯಾಕೆ?

ಮಾನ್ಯ ಸಂಪಾದಕರೇ,

ನನ್ನ ಮಗಳಿಗೆ ಮೂರೂವರೆ ವರ್ಷ, ಪ್ಲೇಹೋಮ್‌ಗೆ ಹೋಗ್ತಾಳೆ. ಮೊನ್ನೆ ಅಲ್ಲಿಂದ ವಾಟ್ಸಾಪ್ ಮೆಸೇಜ್ ಬಂತು, ಶುಕ್ರವಾರ ‘ವಿಂಟರ್ ಸೆನ್ಸರಿ ಡೇ’ ಇದೆ, ಹತ್ತಿ, ಥರ್ಮಾಕೋಲ್ ಮಣಿ, ಬಣ್ಣದ ವಾಟರ್ ಬೀಡ್ಸ್ ಎರಡು ಪ್ಯಾಕೆಟ್ ಕಳಿಸಿ ಅಂತ. ಹಿಮ ಮಾಡ್ತಾರಂತೆ. ಬೆಂಗಳೂರಲ್ಲಿ! ಮಕ್ಕಳು ಮುಟ್ಟಿ, ಮೂಸಿ, ಹಿಸುಕಿ ಕಲೀಬೇಕು ಅನ್ನೋದು ನಂಗೂ ಒಪ್ಪಿಗೆನೇ, ಆದ್ರೆ ಮಾರ್ಕೆಟ್ ತುಂಬ ಅವರೆಕಾಯಿ ಸೊಗಡು ಹೊಡೀತಿರೋವಾಗ ಥರ್ಮಾಕೋಲ್ ಯಾಕ್ರೀ ಬೇಕು?

ನಮ್ಮನೇಲಿ ರಾತ್ರಿ ಕಾಳು ನೆನೆಹಾಕಿ ಬೆಳಗ್ಗೆ ನಮ್ಮತ್ತೆ ಹಿತುಕೋಕೆ ಕೂತ್ರೆ ಇವಳು ಪಕ್ಕದಲ್ಲಿ ಹಾಜರ್. ಹೆಬ್ಬೆರಳು ತೋರುಬೆರಳ ಮಧ್ಯೆ ಕಾಳಿಟ್ಟು ಒತ್ತಿದ್ರೆ ಬೇಳೆ ಪಿಚಕ್ ಅಂತ ಹಾರುತ್ತೆ, ಮೊದಲ ದಿನ ಅರ್ಧ ಬೇಳೆ ಸೋಫಾ ಕೆಳಗೇ ಹೋಯ್ತು, ಈಗ ಸುಮಾರಾಗಿ ಬಟ್ಟಲಿಗೇ ಬೀಳಿಸ್ತಾಳೆ. ನಾಳೆ ಪೆನ್ಸಿಲ್ ಹಿಡಿಯೋಕೆ, ಗುಂಡಿ ಹಾಕ್ಕೊಳ್ಳೋಕೆ ಬೇಕಾಗೋದು ಇದೇ ಬೆರಳಿನ ಹಿಡಿತ ತಾನೇ. ಕಾಯಿ ಬಿಡಿಸಿದ ದಿನವಂತೂ ಅಂಟಂಟು ಕೈ ಚಾಚ್ಕೊಂಡು ‘ಮೂಸು, ಮೂಸು’ ಅಂತ ಮನೆಯೋರ ಮೂಗಿಗೆಲ್ಲ ಹಿಡೀತಾಳೆ.

ವಾಟರ್ ಬೀಡ್ಸ್ ಬಗ್ಗೆ ಮಾತ್ರ ಸ್ವಲ್ಪ ಗಟ್ಟಿಯಾಗೇ ಹೇಳ್ಬೇಕು. ಒಣಗಿದಾಗ ಸಾಸಿವೆಯಷ್ಟಿರೋದು ನೀರು ಹೀರಿ ಗೋಲಿಯಷ್ಟು ಊದುತ್ತೆ, ಮಗು ನುಂಗಿದ್ರೆ ಹೊಟ್ಟೆಯೊಳಗೂ ಊದಿ ಕರುಳು ಕಟ್ಟಬಹುದು, ಎಕ್ಸ್‌ರೇನಲ್ಲಿ ಸಾಮಾನ್ಯವಾಗಿ ಕಾಣೋದೂ ಇಲ್ಲ. ಅಮೆರಿಕಾದಲ್ಲಿ 2023ರಲ್ಲಿ 10 ತಿಂಗಳ ಮಗುವೊಂದು ಇದರಿಂದ ಸತ್ತಿದೆ, ಆ ವರ್ಷದ ಕೊನೇಲಿ ಅಮೆಜಾನ್, ವಾಲ್‌ಮಾರ್ಟ್, ಟಾರ್ಗೆಟ್ ಮೂರೂ ಅಲ್ಲಿ ಇದನ್ನ ಮಕ್ಕಳ ಆಟಿಕೆ ಅಂತ ಮಾರೋದು ನಿಲ್ಲಿಸಿದ್ವು. ಇಲ್ಲಿ ಪ್ಲೇಹೋಮ್‌ನೋರೇ ತರ್ಸ್ತಾರೆ.

ಹಾಗಂತ ಕಾಳು ಪೂರ್ತಿ ಸೇಫ್ ಅಂತಲ್ಲ. ಮೂಗಿಗೆ ತುರುಕ್ಕೊಂಡ್ರೆ ಅದೂ ಊದುತ್ತೆ. ಸಂಕ್ರಾಂತಿ ಎಳ್ಳುಬೆಲ್ಲ ಕಲಸೋಕೆ ಇವಳ ಕೈಗೆ ಕೊಡ್ತೀವಿ ಆದ್ರೆ ಕಡಲೆಬೀಜ ಬಾಯಿಗೆ ಹಾಕೋಕೆ ಬಿಡಲ್ಲ, ಶ್ವಾಸನಾಳಕ್ಕೆ ಹೋದ್ರೆ ಕಷ್ಟ. ದೊಡ್ಡೋರೊಬ್ರು ಮೊಬೈಲ್ ಬದಿಗಿಟ್ಟು ಪಕ್ಕದಲ್ಲಿ ಕೂರ್ಬೇಕು, ಅಷ್ಟೇ ಖರ್ಚು.

ಅವರೆಕಾಯಿ ಒಂದೇ ಅಲ್ಲ, ಯುಗಾದಿ ಹೊತ್ತಿಗೆ ಹೊಂಗೆ ಹೂವು ಉದುರಿ ರಸ್ತೆ ತುಂಬ ಪುರಿ ಚೆಲ್ಲಿದಂಗೆ ಇರುತ್ತೆ, ಮಕ್ಕಳು ಬೊಗಸೆ ತುಂಬ ಎತ್ತಿ ಸುರ್ಕೊಳ್ಳಲಿ ಬಿಡಿ. ಬೇಸಿಗೇಲಿ ಸಂಡಿಗೆ ಹಿಟ್ಟು, ಮಳೆಗಾಲದಲ್ಲಿ ಮಣ್ಣು. ನನ್ನ ಆಫೀಸಿನ ಧಾರವಾಡದ ಗೆಳತಿ ಹೇಳ್ತಿದ್ಲು, ಮಣ್ಣೆತ್ತಿನ ಅಮವಾಸಿಗೆ ಅವರ ಕಡೆ ಪುಟ್ಟ ಮಕ್ಕಳೂ ಎರೆಮಣ್ಣು ಹಿಡಿದು ಎತ್ತು ಮಾಡೋಕೆ ಕೂರ್ತಾವಂತೆ, ಎತ್ತಿಗೆ ಕೊಂಬು ಒಂದೇ ಇದ್ರೂ ಯಾರೂ ಬೈಯಲ್ವಂತೆ. 3ರಿಂದ 8 ವರ್ಷದ ಮಕ್ಕಳಿಗೆ ಆಟದಿಂದಲೇ ಕಲಿಸಿ, ಸುತ್ತಮುತ್ತ ಸಿಗೋ ವಸ್ತುಗಳನ್ನೇ ಬಳಸಿ ಅಂತ 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಹೇಳುತ್ತೆ, ಓದಿದೋರು ಎಷ್ಟು ಜನವೋ.

ನಿಮ್ಮ ಪತ್ರಿಕೆಗೊಂದು ರಿಕ್ವೆಸ್ಟ್. ಭಾನುವಾರದ ಪುರವಣಿಯಲ್ಲಿ ತಿಂಗಳಿಗೊಂದ್ಸಲ ಆ ಕಾಲದಲ್ಲಿ ಸಿಗೋ ಕಾಯಿ, ಹೂವು, ಮಣ್ಣಿನ ಆಟ ಒಂದನ್ನ ಹಾಕಿ, ಎಷ್ಟು ವರ್ಷದ ಮಗೂಗೆ ಸರಿ, ಯಾವ್ದರ ಬಗ್ಗೆ ಹುಷಾರಾಗಿರ್ಬೇಕು ಅನ್ನೋದೂ ಇರ್ಲಿ. ಮಲೆನಾಡು, ಕರಾವಳಿಯೋರು ಅವರವರ ಕಡೇದು ಬರೆದು ಕಳಿಸ್ತಾರೆ.

ಶುಕ್ರವಾರ ವಾಟರ್ ಬೀಡ್ಸ್ ಬದಲು ಮಗಳ ಬ್ಯಾಗಲ್ಲಿ ಅರ್ಧ ಕೆಜಿ ಅವರೆಕಾಯಿ ಕಳಿಸ್ತಿದೀನಿ. ಮಿಸ್ ವಾಪಸ್ ಕಳಿಸಿದ್ರೆ ರಾತ್ರಿ ಸಾರಿಗಾಯ್ತು.

– ಒಬ್ಬ ಅಮ್ಮ, ಬೆಂಗಳೂರು