ಕೆಲಸ ಹೋಗಿಲ್ಲ ಅಮ್ಮ, ಮೊದಲು ಅಪ್ಪನ ಕಾಲು ತೋರಿಸಿ

ಮಿನಿಯಾಪೊಲಿಸ್, ಮಿನ್ನೆಸೋಟ, ಅಮೆರಿಕ
ಜನವರಿ, ಶುಕ್ರವಾರ ರಾತ್ರಿ

ಅಮ್ಮನಿಗೆ ನಮಸ್ಕಾರಗಳು.

ನಾವು ಮೂವರೂ ಚೆನ್ನಾಗಿದ್ದೇವೆ. ನಿನ್ನ ಕಾಗದ ತಲುಪಿತು. ಫೋನಿನಲ್ಲೇ ಉತ್ತರ ಹೇಳೋಣ ಅಂದರೆ ನೀನು ಸ್ಪೀಕರ್ ಹಾಕುತ್ತೀಯ. ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ. "ನಂಗೇನಾಗಿದೆ, ಗುಂಡುಕಲ್ಲು ಇದ್ದಂಗಿದೀನಿ" ಅಂತ ಫೋನ್ ಕಿತ್ಕೊಳ್ಳುತ್ತಾರೆ. ಅದಕ್ಕೇ ಇದನ್ನು ಮಂಜುಗೆ ಮೇಲ್ ಮಾಡುತ್ತಿದ್ದೇನೆ, ಅವನು ಪ್ರಿಂಟ್ ತೆಗೆಸಿ ಕೊಡುತ್ತಾನೆ. ಅಪ್ಪ ತೋಟಕ್ಕೆ ಹೋದ ಮೇಲೆ ಓದು.

ಮೊದಲು ನಿನ್ನ ಪ್ರಶ್ನೆ, ಕೆಲಸ ಹೋಯಿತಾ ಅಂತ. ನನ್ನ ಕೆಲಸ ಹೋಗಿಲ್ಲ. ಇವರ ಕೆಲಸವೂ ಹೋಗಿಲ್ಲ. ಸುಧಾ ಅತ್ತೆ ಫೋಟೋ ನೋಡಿ ಊರೆಲ್ಲಾ ಹೇಳಿಕೊಂಡು ಬಂದಿದ್ದಾರಲ್ಲ, "ಶೋಭಾ ಅಲ್ಲಿ ಗಂಜಿ ಕೇಂದ್ರದ ಸಾಲಿನಲ್ಲಿ ನಿಂತವ್ಳೆ" ಅಂತ, ಆ ಫೋಟೋದಲ್ಲಿ ನಾನು ನಿಂತಿರೋದು ಕೌಂಟರಿನ ಒಳಗಡೆ. ತಲೆಗೆ ಬಲೆ, ಕೈಯಲ್ಲಿ ಸೌಟು. ಸೌಟು ಹಿಡಿದವಳು ಬಡಿಸೋಳು ಅಂತ ಅವರಿಗೆ ಗೊತ್ತಾಗಲ್ವಾ? ಹಾಗಂತ ಆಚೆ ಸಾಲಿನಲ್ಲಿ ನಿಂತರೆ ಅವಮಾನ ಅಂತಲೂ ನಾನು ಹೇಳಲ್ಲ. ಅಲ್ಲಿ ಬರೋರಲ್ಲಿ ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗೋರೂ ಇದ್ದಾರೆ. ಸಂಬಳದಲ್ಲಿ ಮನೆ ಬಾಡಿಗೆ ಹುಟ್ಟಲ್ಲ, ಅಷ್ಟೇ.

ಇದು ಮನೆ ಇಲ್ಲದವರಿಗೆ ರಾತ್ರಿ ಮಲಗಲು ಜಾಗ ಕೊಡುವ ಶೆಲ್ಟರ್. ಇಲ್ಲಿ ಈಗ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋಗೋದು ಮಾಮೂಲು. ಊರ ನಡುವೆ ಕಟ್ಟಡದಿಂದ ಕಟ್ಟಡಕ್ಕೆ ರಸ್ತೆಯ ಮೇಲೆ ಗಾಜಿನ ದಾರಿ ಕಟ್ಟಿಬಿಟ್ಟಿದ್ದಾರೆ. ಆಫೀಸಿನವರು ಹಿಮ ತುಳಿಯದೆ ಮೈಲಿಗಟ್ಟಲೆ ಓಡಾಡಬಹುದು. ನಾನೂ ಅದರಲ್ಲೇ ಹೋಗಿ ಊಟ ಮಾಡಿ ಬರುತ್ತೇನೆ, ಸುಳ್ಳು ಯಾಕೆ ಹೇಳಲಿ. ಆದರೆ ರಾತ್ರಿ ಅದಕ್ಕೆ ಬೀಗ ಬೀಳುತ್ತೆ. ಹೊರಗೆ ಉಳಿದವರಿಗೆ ಶೆಲ್ಟರೇ ಗತಿ.

ತಿಂಗಳಿಗೊಂದು ಶನಿವಾರ ಅಲ್ಲಿನ ಊಟ ನಮ್ಮ ಗುಂಪಿನದು. ಆಫೀಸಿನವರು, ಕನ್ನಡದವರು, ಇಬ್ಬರು ತಮಿಳರು, ಎಲ್ಲ ಸೇರಿ 120 ಜನಕ್ಕೆ ಮಾಡುತ್ತೇವೆ. ಮನೆಯಲ್ಲಿ ಅಲ್ಲ, ಚರ್ಚಿನ ಅಡುಗೆಮನೆಯಲ್ಲಿ. ಅದಕ್ಕೆ ಲೈಸೆನ್ಸ್ ಇದೆ. "ದನದ ಮಾಂಸ ಮುಟ್ಟುತ್ತೀಯಾ" ಅಂತ ಕೇಳಿದ್ದೀಯ. ಇಲ್ಲಮ್ಮ. ಈ ಕಡೆಯವರಿಗೆ ಮನೆ ಊಟ ಅಂದರೆ ಹಾಟ್‌ಡಿಶ್. ಕೊಚ್ಚಿದ ಮಾಂಸ, ಡಬ್ಬಿ ಸೂಪು, ಮೇಲೆ ಆಲೂಗಡ್ಡೆ ತುರಿದು ಕರಿದ ಪುಟ್ಟ ಉಂಡೆಗಳನ್ನು ಸಾಲಾಗಿ ಜೋಡಿಸಿ ಒಲೆಗೆ ಇಡುತ್ತಾರೆ. ಈ ರಾಜ್ಯದ ಎಂಪಿಗಳು ವಾಷಿಂಗ್ಟನ್‌ನಲ್ಲಿ ಅದರದ್ದೇ ಸ್ಪರ್ಧೆ ಮಾಡುತ್ತಾರೆ. ನಮ್ಮ ಎಂಪಿಗಳು ಡೆಲ್ಲಿಯಲ್ಲಿ ಮುದ್ದೆ ತಿರುವೋದನ್ನ ಯೋಚನೆ ಮಾಡು! ನಮ್ಮ ಗುಂಪಿನದು ಸಸ್ಯಾಹಾರ ಮಾತ್ರ ಅಂತ ಮೊದಲೇ ಹೇಳಿಬಿಟ್ಟಿದ್ದೇವೆ. ಶೆಲ್ಟರಿನವರು ಖುಷಿಯಿಂದ ಒಪ್ಪಿದರು. ಇಲ್ಲಿ ಸೊಮಾಲಿಯಾದವರು ಜಾಸ್ತಿ, ಅವರಿಗೆ ಹಲಾಲ್ ಆಗಬೇಕು. ನಮ್ಮ ಅಡುಗೆ ಆದರೆ ಅವರು ಕೇಳೋ ಹಾಗೇ ಇಲ್ಲ, ಸುಮ್ನೆ ತಟ್ಟೆ ಒಡ್ಡುತ್ತಾರೆ.

ಜಾಸ್ತಿ ಸಲ ಮಾಡೋದು ಮ್ಯಾಕರೋನಿ ಚೀಸ್. ನಗಬೇಡ, ಅದಕ್ಕೂ ಕೈಗುಣ ಬೇಕು. ಒಬ್ಬರಿಗೆ 100 ಗ್ರಾಂ ಒಣ ಮ್ಯಾಕರೋನಿ ಲೆಕ್ಕ, ಅಲ್ಲಿಗೆ 12 ಕಿಲೋ ಆಯಿತು. ಅದನ್ನು ಪೂರ್ತಿ ಬೇಯಿಸಬಾರದು. ಟ್ರೇಯಲ್ಲಿ ಬಿಸಿಯಾಗಿ ಕೂತಷ್ಟು ಹೊತ್ತೂ ಸಾಸು ಕುಡಿದು ಬೇಯುತ್ತಲೇ ಇರುತ್ತೆ. ಬೆಣ್ಣೆಯಲ್ಲಿ ಮೈದಾ ಹುರಿದು ಹಾಲು ಹಾಕಿ ಕುದಿಸಿ, ಉರಿ ಆರಿಸಿದ ಮೇಲೆ ಚೀಸ್. ಉರಿ ಮೇಲೇ ಹಾಕಿದರೆ ಒಡೆದು ಜಿಡ್ಡು ಬೇರೆ, ಗಂಟು ಬೇರೆ ಆಗುತ್ತೆ. ಉಪ್ಪು ಮಾತ್ರ ಲೆಕ್ಕ ಹಾಕಿ ಸುರಿಯೋ ಹಾಗಿಲ್ಲ. ನಾಲ್ಕು ಜನಕ್ಕೆ ಹಾಕೋದನ್ನ ಮೂವತ್ತರಿಂದ ಗುಣಿಸಿದರೆ ಯಾರೂ ತಿನ್ನಲಾರರು. ನಮ್ಮ ಮದುವೆ ಅಡುಗೆಯವರು ಕೈಯಲ್ಲಿ ತೂಗಿ ಹಾಕುತ್ತಿದ್ದರಲ್ಲ, ಹಾಗೇ ಸ್ವಲ್ಪ ಹಾಕಿ, ರುಚಿ ನೋಡಿ, ಮತ್ತೆ ಸ್ವಲ್ಪ.

ಇಲ್ಲಿನ ಕಪ್ಪು ಅಕ್ಕಿಯ ಸೂಪೂ ಮಾಡುತ್ತೇವೆ. ಅದು ನಿಜಕ್ಕೂ ಅಕ್ಕಿಯಲ್ಲ, ಕೆರೆಯಲ್ಲಿ ಬೆಳೆಯೋ ಒಂದು ಜಾತಿ ಹುಲ್ಲಿನ ಕಾಳು. ಇಲ್ಲಿನ ಮೂಲ ಜನರಲ್ಲಿ ಓಜಿಬ್ವೆಗಳು ಅಂತ ಇದ್ದಾರೆ. ಅವರು ದೋಣಿಯಲ್ಲಿ ಕೂತು ಒಂದು ಕೋಲಿನಿಂದ ತೆನೆ ಬಗ್ಗಿಸಿ, ಇನ್ನೊಂದರಿಂದ ಬಡಿದು ಕಾಳನ್ನ ದೋಣಿಯೊಳಗೇ ಉದುರಿಸುತ್ತಾರೆ. ಶೆಲ್ಟರಿನಲ್ಲಿ ಅವರ ಪೈಕಿಯವರೂ ಇದ್ದಾರೆ. ಒಬ್ಬಾಕೆ ಸೂಪು ಕುಡಿದು, ಕಾಳು ಇನ್ನೂ ಅರಳಬೇಕಿತ್ತು ಅಂತ ಮುಖಕ್ಕೇ ಹೇಳಿದಳು. ಥೇಟ್ ನಮ್ಮಜ್ಜಿ.

ಬಿಸಿಬೇಳೆ ಬಾತ್ ಮಾಡಿದ ದಿನ ಮಾತ್ರ ನೀನು ಇರಬೇಕಿತ್ತು. ನೀನು ಕಳಿಸಿದ ಪುಡಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಇದೆ ಅಂತ ಧೈರ್ಯ ಮಾಡಿದೆ, ಬಣ್ಣ ಬರುತ್ತೆ, ಖಾರ ಕಮ್ಮಿ. ಗೋಡಂಬಿ ಇಲ್ಲ, ಕಡಲೆಕಾಯಿ ಇಲ್ಲ. ಅವನ್ನು ತಿಂದರೆ ಉಸಿರು ಕಟ್ಟೋ ಜನ ಇಲ್ಲಿ ಇದ್ದಾರೆ, ಒಳಗೆ ಬಿಡೋದೇ ಇಲ್ಲ. ಸಂಕ್ರಾಂತಿಗೆ ಎಳ್ಳು ಬೆಲ್ಲ ಹಂಚೋಣ ಅಂದುಕೊಂಡಿದ್ದೆ, ಅದಕ್ಕೇ ಆಗಲಿಲ್ಲ. ಬಾತ್‌ಗೆ ಸೊಮಾಲಿ ತಾತ ಒಬ್ಬರು ಬಾಳೆಹಣ್ಣು ಕಿವುಚಿಕೊಂಡು ತಿಂದರು! ಅವರಲ್ಲಿ ಅನ್ನದ ಜೊತೆ ಬಾಳೆಹಣ್ಣು ಇರಲೇಬೇಕಂತೆ. ಇನ್ನೊಂದು ವಿಷಯ. ಅಲ್ಲಿ ಬರೋರಲ್ಲಿ ಎಷ್ಟೋ ಜನಕ್ಕೆ ಹಲ್ಲಿಲ್ಲ, ವಯಸ್ಸಾಗಿರಲ್ಲ, ಆದರೂ ಹಲ್ಲಿಲ್ಲ. ಹಲ್ಲಿನ ಡಾಕ್ಟರಿಗೆ ಇಲ್ಲಿ ವಿಪರೀತ ದುಡ್ಡು. ಅದಕ್ಕೇ ಮೆತ್ತಗಿರೋ ಊಟ ಮೊದಲು ಖಾಲಿಯಾಗುತ್ತೆ. ಹಸಿ ತರಕಾರಿ, ಸೇಬು ಹಂಗೇ ಉಳಿಯುತ್ತೆ. ಬಾತ್ ಮಾತ್ರ ತಳ ಕೆರೆದು ಬಡಿಸಿದೆ.

ಯಾರಿಗಾದರೂ ಹೊಟ್ಟೆ ಕೆಟ್ಟರೆ ನಿನ್ನ ಮೇಲೆ ಕೇಸು ಹಾಕಲ್ವಾ ಅಂತಲೂ ಕೇಳಿದ್ದೀಯ. ಒಳ್ಳೆ ಮನಸ್ಸಿನಿಂದ ಊಟ ದಾನ ಮಾಡಿದವರನ್ನು ಕಾಪಾಡೋಕೆ 1996ರಲ್ಲೇ ಇಲ್ಲಿ ಕಾನೂನು ಮಾಡಿದ್ದಾರೆ. ಬೇಜವಾಬ್ದಾರಿ ಮಾಡಬಾರದು ಅಷ್ಟೇ. ನಾವು ಮಾಡಲ್ಲ. ಬಿಸಿ ಅಡುಗೆ ಬಡಿಸೋವರೆಗೂ 57 ಡಿಗ್ರಿಗಿಂತ ಕೆಳಗೆ ಇಳಿಯಬಾರದು, ಥರ್ಮಾಮೀಟರ್ ಚುಚ್ಚಿ ಬರೆದಿಡುತ್ತೇವೆ. ಉಳಿದಿದ್ದನ್ನು ಎತ್ತಿಡಬೇಕಾದರೆ 2 ಗಂಟೆಯೊಳಗೆ 21 ಡಿಗ್ರಿಗೆ, ಆಮೇಲೆ 4 ಗಂಟೆಯೊಳಗೆ 5 ಡಿಗ್ರಿಗೆ ತಣಿಸಬೇಕು. ದೊಡ್ಡ ಪಾತ್ರೆಯಲ್ಲೇ ಬಿಟ್ಟರೆ ನಡುವೆ ಆರೋದೇ ಇಲ್ಲ, ಅಗಲ ಟ್ರೇಗಳಿಗೆ ತೆಳ್ಳಗೆ ಹರಡುತ್ತೇವೆ. ಅನ್ನಕ್ಕಂತೂ ಇದು ಬಹಳ ಮುಖ್ಯ. ನೀನು ರಾತ್ರಿ ಅನ್ನ ಹಾಗೇ ಮುಚ್ಚಿಟ್ಟು ಬೆಳಗ್ಗೆ ಚಿತ್ರಾನ್ನ ಮಾಡೋದನ್ನ ಇಲ್ಲಿನವರು ನೋಡಿದರೆ ಮೂರ್ಛೆ ಹೋಗುತ್ತಾರೆ.

ಅಪ್ಪನಿಗೆ ಬೇಜಾರಾಗಿದೆ ಅಂತ ಬರೆದಿದ್ದೀಯ, ಮಗಳು ಬೇರೆಯವರ ಪಾತ್ರೆ ತಿಕ್ಕುತ್ತಾಳೆ ಅಂತ. ಅಪ್ಪ ಓದಿದ್ದು ಎಲ್ಲಿ? ಸಿದ್ಧಗಂಗಾ ಮಠದಲ್ಲಿ. ಅಲ್ಲಿ ಮುದ್ದೆ ಸಾರು ಉಂಡು, ಸಾಲಿನಲ್ಲಿ ಕೂತವರಿಗೆ ತಾವೂ ಬಡಿಸಿ ಬಂದವರು. 2019ರಲ್ಲಿ ಸ್ವಾಮಿಗಳು ಲಿಂಗೈಕ್ಯರಾದಾಗ ಎರಡು ದಿನ ಊಟ ಬಿಟ್ಟಿದ್ದರು. ಮೊನ್ನೆ 21ಕ್ಕೆ ದಾಸೋಹ ದಿನಕ್ಕೂ ಹೋಗಿ ಬಂದರಂತೆ. ಅಲ್ಲಿ ಮಾಡಿದರೆ ದಾಸೋಹ, ನಾನು ಇಲ್ಲಿ ಮಾಡಿದರೆ ಮಾನ ಹೋಯಿತಾ? ಇದನ್ನು ಬೇಕಾದರೆ ಅವರಿಗೆ ಓದಿ ಹೇಳು.

ಅಂದ ಹಾಗೆ ಮಠಕ್ಕೆ ಹೋದಾಗ ಅಪ್ಪ ಚಪ್ಪಲಿ ಹಾಕಿಕೊಂಡಿದ್ದರಾ? ಬರಿಗಾಲಲ್ಲಿ ನಡೆದಿರುತ್ತಾರೆ. ನನಗೆ ಗೊತ್ತು.

ಅಮ್ಮ, ಎರಡು ಪುಟ ನನ್ನ ಕೆಲಸದ ಬಗ್ಗೆ ಬರೆದು, ಕೊನೆಗೆ ಹಾಳೆಯ ಅಂಚಿನಲ್ಲಿ "ಅಪ್ಪನ ಕಾಲಿನ ಹೆಬ್ಬೆರಳು ಸ್ವಲ್ಪ ಕಪ್ಪಗಾಗಿದೆ, ನೋವೇನೂ ಇಲ್ಲವಂತೆ, ಅರಿಶಿನ ಹಚ್ಚಿದ್ದೇನೆ" ಅಂತ ಬರೆದಿದ್ದೀಯಲ್ಲ, ಅದನ್ನು ಮೊದಲ ಸಾಲಿನಲ್ಲಿ ಬರೆಯಬೇಕಿತ್ತು. ಫೋನ್ ಮಾಡಿ ಹೇಳಬೇಕಿತ್ತು. ನಿನ್ನ ಕಾಗದ ಬರೋಷ್ಟರಲ್ಲಿ ಎಷ್ಟು ದಿನ ಆಗಿಹೋಯಿತು!

ಸಕ್ಕರೆ ಕಾಯಿಲೆ ಇರೋ ಅಪ್ಪನಿಗೆ ನೋವಿಲ್ಲ ಅನ್ನೋದೇ ನನಗೆ ಭಯ. ಶೆಲ್ಟರಿಗೆ ವಾರಕ್ಕೊಂದು ಸಂಜೆ ನರ್ಸುಗಳು ಬಂದು ಎಲ್ಲರ ಕಾಲು ನೋಡುತ್ತಾರೆ. ತೊಳೆದು, ಉಗುರು ಕತ್ತರಿಸಿ, ಒಣಗಿದ ಕಾಲುಚೀಲ ಕೊಡುತ್ತಾರೆ. ದಿನವಿಡೀ ನಡೆಯೋ ಜನ, ಶೂ ಒದ್ದೆ, ಸಕ್ಕರೆ ಕಾಯಿಲೆ ಇರೋರು ಬೇಕಾದಷ್ಟು. ನೈಲಾನ್ ದಾರದಂಥದ್ದು ಒಂದಿದೆ, ಅದನ್ನು ಅಂಗಾಲಿಗೆ ಮುಟ್ಟಿಸಿ ಗೊತ್ತಾಯಿತಾ ಅಂತ ಕೇಳುತ್ತಾರೆ. ಅಪ್ಪನ ವಯಸ್ಸಿನವರೊಬ್ಬರು, ನನ್ನ ಹತ್ತಿರ ಯಾವಾಗಲೂ ಎರಡು ಸಲ ಊಟ ಹಾಕಿಸಿಕೊಳ್ಳೋರು, ಅವರ ಶೂ ಬಿಚ್ಚಿದರೆ ಒಳಗೆ ಒಂದು ಕಲ್ಲು. ಎಷ್ಟು ದಿನದಿಂದ ಅದರ ಮೇಲೆ ನಡೆದಿದ್ದರೋ, ಅವರಿಗೆ ಗೊತ್ತೇ ಆಗಿಲ್ಲ. ಕೆಳಗೆ ಗಾಯ ಆಗಿ ಮೂಳೆವರೆಗೆ ಹೋಗಿತ್ತು. ಅವರೂ ಅಪ್ಪನ ಹಾಗೇ ನೋವಿಲ್ಲ ಅಂತಲೇ ಹೇಳುತ್ತಿದ್ದರು. ಎರಡು ಬೆರಳು ತೆಗೆದರು. ಸಕ್ಕರೆ ಜಾಸ್ತಿ ವರ್ಷ ಇದ್ದರೆ ಕಾಲಿನ ನರ ಮರಗಟ್ಟುತ್ತೆ, ಏಟು ಬಿದ್ದರೂ ಗೊತ್ತಾಗಲ್ಲ. ಜೊತೆಗೆ ರಕ್ತ ಸರಿಯಾಗಿ ಹರಿಯಲ್ಲ, ಗಾಯ ಮಾಯಲ್ಲ. ಕಪ್ಪಗಾಗಿದೆ ಅಂದರೆ ಅಲ್ಲಿಗೆ ರಕ್ತ ಹೋಗುತ್ತಿಲ್ಲ ಅಂತಲೇ ಇರಬಹುದು. ಅರಿಶಿನದಲ್ಲಿ ವಾಸಿ ಆಗೋದಲ್ಲ ಅದು. ಗುಬ್ಬಿ ಚಿಕ್ಕಪ್ಪನದೂ ಚಪ್ಪಲಿ ಕಚ್ಚಿದ ಗಾಯದಿಂದಲೇ ಶುರುವಾಗಿದ್ದು, ಮರೆತೆಯಾ?

ಮೆಡಿಕಲ್ ಸ್ಟೋರಿನವನು ಕೊಟ್ಟ ಮುಲಾಮು ಸಾಕು ಅನ್ನಬೇಡ. ಬಿಸಿ ನೀರಲ್ಲಿ ಕಾಲು ಇಳಿಬಿಡಬೇಡ, ಅವರಿಗೆ ಸುಟ್ಟರೂ ತಿಳಿಯಲ್ಲ. ಬ್ಲೇಡಿನಲ್ಲಿ ಆಣಿ ಕೆತ್ತಿಕೊಳ್ಳೋದನ್ನ ನಿಲ್ಲಿಸಲಿ. ಕೊಬ್ಬರಿ ಹರಾಜು ಆಗಲಿ ಆಮೇಲೆ ನೋಡೋಣ ಅಂದರೆ ಒಪ್ಪಬೇಡ. ಕೊಬ್ಬರಿ ಅಟ್ಟದ ಮೇಲೆ ಇನ್ನೊಂದು ವಾರ ಇರುತ್ತೆ, ಬೆರಳು ಇರಲ್ಲ.

ನಾಳೆಯೇ ತುಮಕೂರಿಗೆ ಕರೆದುಕೊಂಡು ಹೋಗಿ. ಸಿದ್ಧಗಂಗಾ ಆಸ್ಪತ್ರೆ ಅಂದರೆ ಅಪ್ಪ ಬರಲ್ಲ ಅನ್ನೋ ಹಾಗಿಲ್ಲ, ಮಠದ ಹೆಸರಿದೆ. ಅಲ್ಲಿ ಬೆಂಗಳೂರಿಗೆ ಹೋಗಿ ಅಂದರೆ ಜಯನಗರದಲ್ಲಿ ಸರ್ಕಾರದ್ದೇ ಡಯಾಬಿಟಿಸ್ ಆಸ್ಪತ್ರೆ ಇದೆ, ಪಾದ ನೋಡೋರೇ ಬೇರೆ ಇದ್ದಾರೆ. ಕಾಲಿನ ರಕ್ತ ಓಡಾಟ ನೋಡಿ ಅಂತ ಬಾಯಿಬಿಟ್ಟು ಕೇಳಿ, ಬರೀ ಸಕ್ಕರೆ ಚೆಕ್ ಮಾಡಿಸಿ ವಾಪಸ್ ಬರಬೇಡಿ. ಮಂಜು, ಇದು ನಿನಗೆ: ಅಪ್ಪ ಬಸ್ಸು ಸಾಕು ಅಂತಾರೆ, ಕೇಳಬೇಡ, ಕಾರು ಮಾಡು. ನಿನ್ನ ಅಕೌಂಟಿಗೆ ದುಡ್ಡು ಹಾಕಿದ್ದೇನೆ. ಇನ್ನೂ ಬೇಕಾದರೆ ಕೇಳು, ಕೆಲಸ ಹೋಗಿಲ್ಲ ಅಂದೆನಲ್ಲ.

ನಾನು ಹೆದರಿಸುತ್ತಿಲ್ಲಮ್ಮ. ಬೇಗ ತೋರಿಸಿದರೆ ಏನೂ ಆಗಲ್ಲ. ಖಂಡಿತ ಏನೂ ಆಗಲ್ಲ. ಎಷ್ಟೋ ಜನಕ್ಕೆ ವಾಸಿಯಾಗಿದೆ, ಅಪ್ಪನಿಗೂ ಆಗುತ್ತೆ. ನೀನು ಅಳಬೇಡ. ನಾವಿಲ್ಲಿ ಆರಾಮಾಗಿದ್ದೇವೆ, ಬೆಚ್ಚಗಿದ್ದೇವೆ, ಪುಟ್ಟಿ ಊಟ ಚೆನ್ನಾಗಿ ಮಾಡುತ್ತಾಳೆ, ನನ್ನ ಬಿಪಿ ನಾರ್ಮಲ್. ಟಿಕೆಟ್ ನೋಡುತ್ತಿದ್ದೇನೆ, ಸುಮ್ನೆ ನೋಡುತ್ತಿದ್ದೇನೆ, ಗಾಬರಿ ಆಗಬೇಡಿ.

ನಾಳೆ ಬೆಳಗ್ಗೆ ಆರಕ್ಕೆ ಚರ್ಚಿನ ಬಾಗಿಲು ತೆಗೆಯುತ್ತಾರೆ, ತರಕಾರಿ ಇನ್ನೂ ಕಾರಿಗೆ ಹಾಕಿಲ್ಲ. ಇವರು ಕೂಗುತ್ತಿದ್ದಾರೆ. ಎಲ್ಲರಿಗೂ ನಮಸ್ಕಾರ, ಸುಧಾ ಅತ್ತೆಗೂ.

ನಿನ್ನ ಮಗಳು
ಶೋಭಾ

ತಾ.ಕ.: ಕಾಲಿನ ಫೋಟೋ ತೆಗೆದು ಮಂಜು ಈಗಲೇ ಕಳಿಸಲಿ, ಮೇಲೆ, ಕೆಳಗೆ, ಬೆರಳ ಸಂದಿ ಎಲ್ಲ. ಇಲ್ಲಿ ಮಧ್ಯರಾತ್ರಿ ಅಂತ ನೋಡಬೇಡ. ಅಪ್ಪನ ಪಾದದ ಅಳತೆಯನ್ನೂ ಹಾಳೆ ಮೇಲೆ ಬರೆದು ಕಳಿಸಿ, ಮೆತ್ತನೆ ಶೂ ತರುತ್ತೇನೆ.