ಪುಟ್ಟಿಗೆ, ಫೋನಿನ ಚಿತ್ರಗಳ ವಿಚಾರವಾಗಿ

ಸರಸ್ವತಿಪುರಂ, ಮೈಸೂರು

ಚಿ. ಪುಟ್ಟಿಗೆ ನಿನ್ನ ಸೋದರಮಾವನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಮಂಡ್ಯದ ಶಾಲೆಯಲ್ಲಿ ಪೋಷಕರ ವಾಟ್ಸಾಪ್ ಗುಂಪಿನ ಜವಾಬ್ದಾರಿಯನ್ನೂ ನಿನಗೇ ವಹಿಸಿದ್ದಾರೆಂದು ಅಕ್ಕ ಹೇಳಿದಳು. ಅದಕ್ಕಾಗಿಯೇ ಈ ಪತ್ರ. ನಿನ್ನ ಫೋನಿನಲ್ಲಿ ಕಂಡದ್ದೇ ಎದುರಿನವರ ಫೋನಿನಲ್ಲೂ ಕಾಣುತ್ತದೆಂದು ಎಂದಿಗೂ ನಂಬಬೇಡ.

ಅಕ್ಷರಗಳಿಗೂ ಚಿಹ್ನೆಗಳಿಗೂ ಸಂಖ್ಯೆ ಗೊತ್ತುಮಾಡುವ ಯುನಿಕೋಡ್ ವ್ಯವಸ್ಥೆ, ಸಂದೇಶದಲ್ಲಿ ಹಾಕುವ ಪುಟ್ಟ ಚಿತ್ರಗಳಾದ ಎಮೋಜಿಗಳಿಗೂ ಸಂಖ್ಯೆಯನ್ನೂ ಹೆಸರನ್ನೂ ಕೊಡುತ್ತದೆಯೇ ಹೊರತು, ಚಿತ್ರವನ್ನು ಬಿಡಿಸುವವರು ಆಯಾ ಕಂಪನಿಯವರು. 2016ರಲ್ಲಿ ಆಪಲ್ ತನ್ನ ಪಿಸ್ತೂಲಿನ ಎಮೋಜಿಯನ್ನು ಹಸಿರು ನೀರುಪಿಚಕಾರಿಯಾಗಿಸಿತು. ಉಳಿದ ದೊಡ್ಡ ಕಂಪನಿಗಳಲ್ಲಿ ಹೆಚ್ಚಿನವು ಹಾಗೆ ಮಾಡಿದ್ದು 2018ರಲ್ಲಿ. ನಡುವಿನ ಅವಧಿಯಲ್ಲಿ ಹುಡುಗನೊಬ್ಬ ಆಟಕ್ಕೆಂದು ಕಳಿಸಿದ ಪಿಚಕಾರಿ ಗೆಳೆಯನ ಫೋನಿನಲ್ಲಿ ನಿಜವಾದ ಬಂದೂಕಾಗಿ ಕಾಣಬಹುದಾಗಿತ್ತು. ನಕ್ಕು ನಕ್ಕು ಕಣ್ಣೀರು ಬಂದ ಮುಖವನ್ನು ನಮ್ಮ ವಯಸ್ಸಿನವರು ಅಳುವ ಮುಖವೆಂದು ತಿಳಿದು ಸಾವಿನ ಸುದ್ದಿಯ ಕೆಳಗೆ ಹಾಕುವುದನ್ನು ನಾನು ನೋಡಿದ್ದೇನೆ. ಸತ್ತವರ ಮನೆಯವರಿಗೆ ಅದೆಷ್ಟು ನೋವಾಗುತ್ತದೆ, ಯೋಚಿಸು. ಮಗುವಿಗೆ ಜ್ವರ, ಶುಲ್ಕ ಬಾಕಿ, ಅಪಘಾತ, ಇಂಥ ವಿಷಯಗಳಿಗೆ ಕನ್ನಡದಲ್ಲಿ ಎರಡು ಸಾಲು ಬರೆ.

ಕಣ್ಣಿಗೆ ಕಾಣದ ಚಿಹ್ನೆಗಳೂ ಇವೆ. ‘ರ‍್ಯಾಂಕ್’ ಎಂದು ಬರೆಯುವಾಗ ರಕಾರ ಅರ್ಕಾವತ್ತಾಗಿ ಮುಂದಕ್ಕೆ ಜಾರದಂತೆ ತಡೆಯುವುದು ಅಂಥದ್ದೇ ಅಗೋಚರ ಚಿಹ್ನೆ. ಅಪ್ಪ, ಅಮ್ಮ, ಮಗಳ ಮುಖಗಳನ್ನು ಬೆಸೆದು ಒಂದೇ ಕುಟುಂಬದ ಎಮೋಜಿಯಾಗಿಸುವುದೂ ಅದೇ. ಹಳೆಯ ಫೋನಿಗೆ ಆ ಬೆಸುಗೆ ತಿಳಿಯದಿದ್ದರೆ ಮೂವರೂ ಬಿಡಿಬಿಡಿಯಾಗಿ ನಿಲ್ಲುತ್ತಾರೆ. ಆ ಎಮೋಜಿಯೇ ಅದರಲ್ಲಿಲ್ಲದಿದ್ದರೆ ಬರೀ ಖಾಲಿ ಚೌಕ ಬರುತ್ತದೆ. ಪಟ್ಟಿಯಲ್ಲಿ ಆ ಚಿಹ್ನೆಯಿರುವ ಪದವನ್ನು ಅದಿಲ್ಲದೆ ಹುಡುಕಿದರೆ ಎಷ್ಟೋ ಸಲ ಸಿಗುವುದಿಲ್ಲ. ಅಕ್ಷರಗಳು ಎಲ್ಲರ ಫೋನಿನಲ್ಲೂ ಒಂದೇ ರೀತಿ ಕಾಣಲೆಂದು ಪರೀಕ್ಷೆಯ ಪಟ್ಟಿಯನ್ನು ಪಿಡಿಎಫ್ ಮಾಡಿಯೇ ಕಳಿಸು.

ಫೋಟೋದ ವಿಷಯ ಇದಕ್ಕಿಂತ ಮುಖ್ಯ. ವಾಟ್ಸಾಪ್‌ನಲ್ಲಿ ಮಾಮೂಲಾಗಿ ಕಳಿಸಿದ ಫೋಟೋ ಕುಗ್ಗಿ ಹೋಗುತ್ತದೆ. ಅಕ್ಕ ಬ್ಯಾಂಕಿನವರಿಗೆಂದು ಕಳಿಸಿದ ಪಹಣಿಯಲ್ಲಿ ಹಿಸ್ಸಾ ನಂಬರು ಮೂರೋ ಎಂಟೋ ತಿಳಿಯದಷ್ಟು ಮಸುಕಾಗಿತ್ತು. ಕಾಗದಪತ್ರಗಳನ್ನು ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ ಮೂಲ ಕಡತವೇ ಹೋಗುತ್ತದೆ. ಆದರೆ ಕ್ಯಾಮೆರಾದಲ್ಲಿ ಸ್ಥಳ ದಾಖಲಿಸುವ ಆಯ್ಕೆ ಚಾಲೂ ಇದ್ದರೆ, ಫೋಟೋ ತೆಗೆದ ಜಾಗದ ಅಕ್ಷಾಂಶ ರೇಖಾಂಶಗಳೂ ದಿನಾಂಕವೂ ಆ ಕಡತದೊಳಗೇ ಅಡಗಿರುತ್ತವೆ. ಮಾಮೂಲು ಫೋಟೋವಾಗಿ ಕಳಿಸುವಾಗ ವಾಟ್ಸಾಪ್ ಅವುಗಳನ್ನು ತೆಗೆದುಹಾಕುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಅವು ಹಾಗೆಯೇ ಉಳಿಯುತ್ತವೆ. ಮಕ್ಕಳ ಫೋಟೋಗಳನ್ನು ಎಂದಿಗೂ ಹಾಗೆ ಕಳಿಸಬೇಡ, ಕ್ಯಾಮೆರಾದಲ್ಲಿ ಸ್ಥಳ ದಾಖಲಿಸುವ ಆ ಆಯ್ಕೆಯನ್ನು ಇವತ್ತೇ ಆಫ್ ಮಾಡು. ಹಿನ್ನೆಲೆಯಲ್ಲಿ ಶಾಲೆಯ ಫಲಕ, ವ್ಯಾನಿನ ನಂಬರು, ಮಗುವಿನ ಗುರುತಿನ ಚೀಟಿ ಕಾಣುತ್ತಿದ್ದರೆ ಅದನ್ನು ಯಾವ ತಂತ್ರಾಂಶವೂ ತಾನಾಗಿ ಅಳಿಸದು, ನೀನೇ ಕತ್ತರಿಸಬೇಕು.

ಸಂದೇಶ ತೆರೆದಿದ್ದಾರೆಂದು ತೋರಿಸುವ ನೀಲಿ ಗೆರೆ ಬಂದ ಮೇಲೂ ಉತ್ತರ ಬರಲಿಲ್ಲವೆಂದು ಪೋಷಕರ ಮೇಲೆ ಬೇಸರಿಸಿಕೊಳ್ಳಬೇಡ. ಎಷ್ಟೋ ಮನೆಗಳಲ್ಲಿ ಫೋನು ಒಂದೇ, ಸಂದೇಶ ತೆರೆದವರು ಮಗುವೂ ಆಗಿರಬಹುದು. ತುರ್ತಿದ್ದರೆ ಕರೆ ಮಾಡು.

ಅಕ್ಕನ ಪಹಣಿಯನ್ನು ಹಗಲು ಬೆಳಕಿನಲ್ಲಿ ಮತ್ತೊಮ್ಮೆ ಫೋಟೋ ತೆಗೆದು, ಡಾಕ್ಯುಮೆಂಟ್ ಆಗಿ ಮೊದಲು ನನಗೆ ಕಳಿಸು. ನಂಬರು ಸರಿಯಾಗಿ ಕಾಣುತ್ತದೆಯೇ ಎಂದು ನೋಡಿ ಹೇಳುತ್ತೇನೆ, ಆಮೇಲೆ ಬ್ಯಾಂಕಿಗೆ ಕಳಿಸುವೆಯಂತೆ.

ಇಂತಿ,
ನಿನ್ನ ಮಾವ