ರಿಗ್ಗಿನ ಚಿತ್ರದಲ್ಲಿ ಮಡ್ ಎಲ್ಲಿ?

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಿಜ್ಞಾನ ಪುಟದಲ್ಲಿ ಕಳೆದ ವಾರ ತೈಲಬಾವಿ ಕೊರೆಯುವ ರೋಟರಿ ರಿಗ್ಗಿನ ಬಗ್ಗೆ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಇಂಥ ವಿಷಯಕ್ಕೆ ಅರ್ಧ ಪುಟ ಮೀಸಲಿಟ್ಟದ್ದು ಸಂತೋಷದ ಸಂಗತಿ. ಆದರೆ ಲೇಖನದ ಜೊತೆಗಿರುವ ಚಿತ್ರದಲ್ಲಿ, ಬಡಗಿಯ ಬೈರಿಗೆಯನ್ನು ಹೋಲುವ ತಿರುಪಿನ ಸಲಾಕೆಯೊಂದನ್ನು ಎತ್ತರದ ಗೋಪುರವು ನೆಲದೊಳಕ್ಕೆ ಒತ್ತುತ್ತಿರುವಂತೆ ತೋರಿಸಲಾಗಿದೆ. ಬರಹದಲ್ಲೂ ಪೈಪಿನ ತುದಿಯ ಹರಿತವಾದ ಕೊರೆಯುವ ಹಲ್ಲು, ಅಂದರೆ ಬಿಟ್, ಬಂಡೆಯನ್ನು ಸೀಳಿಕೊಂಡು ಇಳಿಯುತ್ತದೆ ಎಂಬಲ್ಲಿಗೆ ವಿವರಣೆ ಮುಗಿದುಹೋಗಿದೆ. ಹಲವು ವರ್ಷ ರಿಗ್ಗುಗಳ ಮೇಲೆ, ಅದರಲ್ಲೂ ಹೆಚ್ಚಿನ ಕಾಲ ಮಡ್ ಎಂಬ ಕೊರೆತದ ದ್ರವದ ತೊಟ್ಟಿಗಳ ಪಕ್ಕದಲ್ಲೇ ಕೆಲಸ ಮಾಡಿದ ನನಗೆ ಇದರಲ್ಲಿ ಎರಡು ತಪ್ಪುಗಳು ಕಂಡವು. ಒಂದು ಚಿಕ್ಕದು, ಇನ್ನೊಂದು ದೊಡ್ಡದು.

ಚಿಕ್ಕದನ್ನು ಮೊದಲು ಹೇಳಿಬಿಡುತ್ತೇನೆ. ಗೋಪುರ ಇರುವುದು ಒತ್ತುವುದಕ್ಕಲ್ಲ, ಎತ್ತಿ ಹಿಡಿಯುವುದಕ್ಕೆ. ಐದು ಇಂಚಿನ ಡ್ರಿಲ್ ಪೈಪು ಮೀಟರಿಗೆ ಸುಮಾರು 30 ಕಿಲೋ ತೂಗುತ್ತದೆ. ಅಂದರೆ 3000 ಮೀಟರ್ ಆಳಕ್ಕೆ ಇಳಿಬಿಟ್ಟ ಪೈಪಿನ ಸಾಲು 90 ಟನ್ ಆಯಿತು. ಬಾವಿಯೊಳಗಿನ ದ್ರವದಲ್ಲಿ ಮುಳುಗಿರುವ ಕಾರಣ ಅದರಲ್ಲಿ ಶೇ 15ರಷ್ಟು ಕಳೆದರೂ, ಉಳಿದ ಭಾರವೆಲ್ಲ ಬಿಟ್ ಮೇಲೆ ಕೂತರೆ ಪೈಪು ಹಸಿ ಬೆತ್ತದ ಹಾಗೆ ಬಾಗುತ್ತದೆ. ಆದ್ದರಿಂದ ಇಡೀ ಸಾಲನ್ನು ಗೋಪುರದ ರಾಟೆಗಳಿಂದ ತೂಗುಹಾಕಿ, ಕೆಳತುದಿಯಲ್ಲಿ ಜೋಡಿಸಿದ ದಪ್ಪ ಗೋಡೆಯ ಡ್ರಿಲ್ ಕಾಲರ್‌ಗಳ ತೂಕದಲ್ಲಿ ಒಂದು ಪಾಲನ್ನು ಮಾತ್ರ, ಬಂಡೆಗೆ ತಕ್ಕಂತೆ ಹತ್ತೋ ಹದಿನೈದೋ ಟನ್ನು, ಬಿಟ್ ಮೇಲೆ ಇಳಿಸುತ್ತಾರೆ. ಡ್ರಿಲ್ಲರನ ಕೈಯಲ್ಲಿರುವುದು ಬ್ರೇಕು, ಅವನ ಕಣ್ಣು ತೂಕ ತೋರಿಸುವ ಮುಳ್ಳಿನ ಮೇಲೆ. ಬ್ರೇಕನ್ನು ಕೊಂಚ ಸಡಿಲಿಸಿದರೆ ಡ್ರಮ್ಮಿನಿಂದ ಉಕ್ಕಿನ ಹಗ್ಗ ಬೆರಳಷ್ಟು ಬಿಚ್ಚಿಕೊಂಡು ಮುಳ್ಳು ಇಳಿಯುತ್ತದೆ; ಕೆಳಗೆ ಬಂಡೆ ಸವೆದಂತೆ ಮುಳ್ಳು ಮತ್ತೆ ಏರುತ್ತದೆ, ಮತ್ತೆ ಸಡಿಲಿಸಬೇಕು. ತಾಸುಗಟ್ಟಲೆ ಇದೇ ಕೆಲಸ. ನೋಡಲು ಬಂದವರಿಗೆ ಬೇಗನೆ ಬೇಸರ ಬರುತ್ತದೆ.

ತಿರುಗಿಸುವ ವ್ಯವಸ್ಥೆ ಅಷ್ಟೇನೂ ಗಹನವಲ್ಲ. ಹಳೆಯ ಮಾದರಿಯಲ್ಲಿ ಕೆಲ್ಲಿ ಎಂಬ ಚೌಕ ಇಲ್ಲವೇ ಆರು ಮುಖದ ಕೊಳವೆಯನ್ನು ರಿಗ್ಗಿನ ಅಟ್ಟದ ಮೇಲಿನ ರೋಟರಿ ಟೇಬಲ್ಲು ಹಿಡಿದು ತಿರುಗಿಸುತ್ತದೆ. ಈಗಿನ ದೊಡ್ಡ ರಿಗ್ಗುಗಳಲ್ಲಿ ಗೋಪುರದೊಳಗೇ ಏರಿಳಿಯುವ ಟಾಪ್ ಡ್ರೈವ್ ಮೋಟಾರು ಆ ಕೆಲಸ ಮಾಡುತ್ತದೆ. ಬಿಟ್ ಕೂಡ ತಿರುಪಲ್ಲ. ಹೊವಾರ್ಡ್ ಹ್ಯೂಸ್ ಹಿರಿಯರು 1909ರಲ್ಲಿ ಪೇಟೆಂಟ್ ಪಡೆದ ಬಿಟ್‌ನಲ್ಲಿ ಹಲ್ಲುಗಳಿರುವ ಎರಡು ಶಂಕುಗಳು ಬಾವಿಯ ತಳದಲ್ಲಿ ಉರುಳುತ್ತ ಬಂಡೆಯನ್ನು ಅರೆದು ಪುಡಿಮಾಡುತ್ತಿದ್ದವು. ಮೂರು ಶಂಕುಗಳ ಬಿಟ್ ಅದರ ಮುಂದಿನ ರೂಪ. ಇಂದು ಹೆಚ್ಚು ಬಳಕೆಯಲ್ಲಿರುವ, ಕೃತಕ ವಜ್ರದ ಬಿಲ್ಲೆಗಳನ್ನು ಕೂರಿಸಿದ ಬಿಟ್‌ನಲ್ಲಿ ಉರುಳುವ ಭಾಗವೇ ಇಲ್ಲ; ಅದು ಬಂಡೆಯನ್ನು ತೆಳ್ಳಗೆ ಹೆರೆಯುತ್ತದೆ.

ಅರೆದದ್ದೋ ಹೆರೆದದ್ದೋ, ಆ ಪುಡಿ ಎಲ್ಲಿಗೆ ಹೋಯಿತು? ಈ ಪ್ರಶ್ನೆಯನ್ನೇ ಲೇಖನ ಕೇಳಿಕೊಂಡಿಲ್ಲ, ದೊಡ್ಡ ತಪ್ಪು ಇರುವುದೂ ಇಲ್ಲೇ. ಬೈರಿಗೆಯಾದರೆ ತನ್ನ ತಿರುಪಿನಲ್ಲೇ ಪುಡಿಯನ್ನು ಮೇಲಕ್ಕೆ ತರುತ್ತದೆ; ಸಾವಿರಾರು ಮೀಟರ್ ಆಳದಿಂದ ಹಾಗೆ ತರಲಾಗದು. ಡ್ರಿಲ್ ಪೈಪು ಟೊಳ್ಳು. ರಿಗ್ಗಿನಲ್ಲಿ ಎಲ್ಲರೂ ಮಡ್ ಎಂದು ಕರೆಯುವ, ಬೆಂಟೊನೈಟ್ ಜೇಡಿಮಣ್ಣು ಕಲಸಿದ ದ್ರವವನ್ನು ಭಾರಿ ಪಂಪುಗಳು ಸ್ವಿವೆಲ್ ಎಂಬ ತಿರುಗುವ ಕೀಲಿನ ಮೂಲಕ ತಿರುಗುತ್ತಿರುವ ಪೈಪಿನೊಳಕ್ಕೆ ನೂಕುತ್ತವೆ. ಅದು ಬಿಟ್‌ನ ರಂಧ್ರಗಳಿಂದ ರಭಸವಾಗಿ ಚಿಮ್ಮಿ ತಳವನ್ನು ತೊಳೆದು, ಪುಡಿಯನ್ನು ಹೊತ್ತುಕೊಂಡು, ಪೈಪಿಗೂ ಬಾವಿಯ ಗೋಡೆಗೂ ನಡುವಿನ ಸಂದಿಯಲ್ಲಿ ಮೇಲೇರಿ ಬರುತ್ತದೆ. ಮೇಲೆ ಅದುರುವ ಜರಡಿಯ ಮೇಲೆ ಬಿದ್ದು, ಕಲ್ಲಿನ ಚೂರುಗಳನ್ನು ಅಲ್ಲೇ ಬಿಟ್ಟು, ತೊಟ್ಟಿಗೆ ಇಳಿದು ಮತ್ತೆ ಪಂಪಿಗೆ ಹೋಗುತ್ತದೆ. ಈ ಸುತ್ತು ನಿಂತರೆ ಬಿಟ್ ಎಷ್ಟೇ ಹರಿತವಾಗಿರಲಿ, ತಾನು ಮಾಡಿದ ಪುಡಿಯನ್ನೇ ಮತ್ತೆ ಮತ್ತೆ ಅರೆಯುತ್ತ ಕೂರಬೇಕಾಗುತ್ತದೆ. ಗಟ್ಟಿ ಬಂಡೆಯಲ್ಲಿ ನೀರಿಗಾಗಿ ಕೊರೆಯುವ ಲಾರಿ ರಿಗ್ಗುಗಳು ಇದೇ ಕೆಲಸಕ್ಕೆ ಕಂಪ್ರೆಸರಿನ ಗಾಳಿಯನ್ನು ಬಳಸುತ್ತವೆ; ಬಹುಮಂದಿ ಕಂಡಿರುವುದು ಆ ಧೂಳೆಬ್ಬಿಸುವ ರಿಗ್ಗನ್ನೇ ಆದ್ದರಿಂದ ಮಡ್‌ನ ನೆನಪು ಬಾರದಿರುವುದು ಸಹಜವೇ.

ಮೇಲೇರುವ ಮಡ್ ನಿಮಿಷಕ್ಕೆ 40 ಮೀಟರ್ ಸಾಗುತ್ತಿದೆ ಎಂದಿಟ್ಟುಕೊಂಡರೆ, 3000 ಮೀಟರ್ ಆಳದ ಕಲ್ಲಿನ ಚೂರು ಜರಡಿಗೆ ಬರಲು 75 ನಿಮಿಷ ಬೇಕು. ಆ ಹೊತ್ತಿಗೆ ಕೆಳಗೆ ಬಿಟ್ ಬೇರೊಂದು ಪದರದಲ್ಲಿರಬಹುದು. ಜರಡಿಯಿಂದ ಒಂದು ಹಿಡಿ ತೆಗೆದು, ತೊಳೆದು, ಅಂಗೈ ಮೇಲೆ ಹರಡಿಕೊಂಡು ನೋಡುವ ಭೂವಿಜ್ಞಾನಿ ಕಾಣುತ್ತಿರುವುದು ಒಂದು ತಾಸಿಗೂ ಹಿಂದಿನ ಬಾವಿಯನ್ನು. ಇನ್ನು ಒಂದು ಪೈಪು ಮುಗಿದು ಮತ್ತೊಂದನ್ನು ಜೋಡಿಸಲು ಪಂಪು ನಿಲ್ಲಿಸಿದಾಗ, ಅರ್ಧ ದಾರಿಯಲ್ಲಿರುವ ಚೂರುಗಳೆಲ್ಲ ಕೆಳಗೆ ಕುಸಿದು ಬಿಟ್ ಮೇಲೆ ಕೂರಬೇಕಿತ್ತು. ಹಾಗಾಗುವುದಿಲ್ಲ, ಏಕೆಂದರೆ ಒಳ್ಳೆಯ ಮಡ್ ಕದಲಿಕೆ ನಿಂತೊಡನೆ ಗಂಜಿ ಕಟ್ಟಿಕೊಂಡಂತೆ ಬಿಗಿಯುತ್ತದೆ, ಪಂಪು ಶುರುವಾದೊಡನೆ ಮತ್ತೆ ನೀರಾಗುತ್ತದೆ. ಹರಿಯುವಾಗ ಮಡ್ ಎಷ್ಟು ಮಂದವಾಗಿದೆ ಎಂದು ನೋಡಲು ನಮ್ಮಲ್ಲಿದ್ದದ್ದು ಒಂದು ಸಾದಾ ಆಲಿಕೆ. ಅದರ ತುದಿಗೆ ಬೆರಳು ಒತ್ತಿ ಮಡ್ ತುಂಬಿ, ಬೆರಳು ತೆಗೆದು, ಸುಮಾರು 950 ಮಿಲಿಲೀಟರ್ ಇಳಿಯಲು ಎಷ್ಟು ಸೆಕೆಂಡ್ ಎಂದು ಎಣಿಸುವುದು. ಬರೀ ನೀರಾದರೆ 26 ಸೆಕೆಂಡ್. ನಲವತ್ತೈದು ಬಂದರೆ ನಮಗೆ ಸಮಾಧಾನ. ಕಾರಣವಿಲ್ಲದೆ ಅರವತ್ತಕ್ಕೆ ಏರಿದರೆ ಮೇಲಿನವರನ್ನು ಎಬ್ಬಿಸಬೇಕು.

ಮಡ್‌ನ ಇನ್ನೊಂದು ಕೆಲಸ ಬಾವಿಯ ಗೋಡೆಯನ್ನು ಕಾಯುವುದು. ಟೆಕ್ಸಾಸಿನ ಸ್ಪಿಂಡಲ್‌ಟಾಪ್ ದಿಬ್ಬದಲ್ಲಿ ಕೊರೆಯುವಾಗ ಸಡಿಲ ಮರಳು ಕುಸಿದು ಬರೀ ನೀರಿನಿಂದ ಕೆಲಸ ಸಾಗದಾದಾಗ, ನೀರಿನ ಗುಂಡಿಗೆ ದನಗಳನ್ನು ಹೊಡೆದು ತುಳಿಸಿ ರಾಡಿ ಮಾಡಿ, ಆ ರಾಡಿಯನ್ನೇ ಪಂಪು ಮಾಡಿದರೆಂದು ಹೇಳುತ್ತಾರೆ. ಆ ಬಾವಿ 1901ರ ಜನವರಿ 10ರಂದು ಎಣ್ಣೆ ಚಿಮ್ಮಿಸಿತು, ರೋಟರಿ ವಿಧಾನಕ್ಕೆ ಹೆಸರು ಬಂದದ್ದೂ ಅಂದಿನಿಂದಲೇ. ಜೇಡಿಯ ಕಣಗಳು ಮರಳಿನ ಮೇಲೆ ತೆಳುವಾದ ಲೇಪ ಕಟ್ಟಿ ಗೋಡೆಯನ್ನು ಹಿಡಿದಿಡುತ್ತವೆ. ತೆಳುವಾಗಿರಬೇಕು ಎಂಬುದನ್ನು ಮಾತ್ರ ನಾನು ಅನುಭವದಿಂದ ಕಲಿತೆ. ನಾನಿದ್ದ ಒಂದು ರಿಗ್ಗಿನಲ್ಲಿ, ಲೇಪ ದಪ್ಪವಾಗುತ್ತಿದೆ ಎಂದು ತಿಳಿದೂ ಮಡ್ ಸರಿಪಡಿಸುವುದನ್ನು ನಾವು ಮುಂದಿನ ಪಾಳಿಗೆ ಬಿಟ್ಟೆವು. ಆ ಹೊತ್ತಿಗೇ ಪಂಪಿನ ರಿಪೇರಿ ಬಂದು, ಪೈಪನ್ನು ಅಲುಗಿಸದೆ ಅರ್ಧ ತಾಸು ನಿಲ್ಲಿಸಲಾಯಿತು. ಮಡ್‌ನ ಒತ್ತಡವೇ ಪೈಪನ್ನು ಆ ಮೆತ್ತನೆಯ ಲೇಪದೊಳಕ್ಕೆ ಅದುಮಿ ಗೋಡೆಗೆ ಅಂಟಿಸಿಬಿಟ್ಟಿತ್ತು. ಅದನ್ನು ಬಿಡಿಸಲು ಮೂರು ದಿನ ಹಿಡಿಯಿತು. ಬಿಟ್ ಮಾತ್ರ ಹೊಸದಾಗಿಯೇ ಇತ್ತು.

ಎಲ್ಲಕ್ಕಿಂತ ಮುಖ್ಯವಾದದ್ದು ಮಡ್‌ನ ತೂಕ. ನೀರಿಗಿಂತ 1.2 ಪಟ್ಟು ಭಾರದ ಮಡ್ 3000 ಮೀಟರ್ ಆಳದಲ್ಲಿ ಸುಮಾರು 350 ಬಾರ್ ಒತ್ತಡ ಹಾಕುತ್ತದೆ. ಬಂಡೆಯೊಳಗಿನ ಅನಿಲವನ್ನೂ ಎಣ್ಣೆಯನ್ನೂ ಅದರ ಜಾಗದಲ್ಲೇ ತಡೆದಿಡುವುದು ಈ ಒತ್ತಡವೇ. ಸಾಲದಾದರೆ ಬೆರೈಟ್ ಎಂಬ ಭಾರವಾದ ಖನಿಜದ ಪುಡಿ ಸೇರಿಸಿ ತೂಕ ಏರಿಸುತ್ತಾರೆ, ಅತಿಯಾದರೆ ಬಂಡೆಯೇ ಬಿರಿದು ಮಡ್ ಅದರೊಳಗೆ ಸೋರಿಹೋಗುತ್ತದೆ. ಈ ಎರಡರ ನಡುವಿನ ಅಂತರ ಕೆಲವು ಬಾವಿಗಳಲ್ಲಿ ತೀರಾ ಕಿರಿದು. ಸವೆದ ಬಿಟ್ ಬದಲಿಸಲು ಪೈಪನ್ನೆಲ್ಲ ಮೇಲೆತ್ತುವಾಗ, ಮೂರು ಮೂರು ಪೈಪುಗಳ ಸುಮಾರು 27 ಮೀಟರಿನ ತುಂಡುಗಳಂತೆ ನೂರಹತ್ತಕ್ಕೂ ಹೆಚ್ಚು ಬಾರಿ ಬಿಚ್ಚಿ ನಿಲ್ಲಿಸಬೇಕು. ಹೊರಬಂದ ಉಕ್ಕಿನ ಜಾಗಕ್ಕೆ ಅಷ್ಟೇ ಮಡ್ ತುಂಬದಿದ್ದರೆ ಬಾವಿಯ ಮಟ್ಟ ಇಳಿದು ಒತ್ತಡವೂ ಇಳಿಯುತ್ತದೆ. ಅವಸರದಿಂದ ಎಳೆದರೂ ಕಷ್ಟವೇ, ಏಕೆಂದರೆ ಬಿಟ್ ಆಗ ಪಿಚಕಾರಿಯ ದಂಡದಂತೆ ಕೆಳಗಿನ ಅನಿಲವನ್ನು ಹೀರಿಕೊಳ್ಳುತ್ತದೆ. ಆದ್ದರಿಂದಲೇ ತೊಟ್ಟಿಯ ಮಟ್ಟದ ಮೇಲೆ ಹಗಲಿರುಳೂ ಕಣ್ಣಿಡುತ್ತಾರೆ. ಕಳಿಸಿದ್ದಕ್ಕಿಂತ ಹೆಚ್ಚು ಮಡ್ ಮರಳಿ ಬರುತ್ತಿದ್ದರೆ, ಕೆಳಗಿನಿಂದ ಬೇರೇನೋ ಬಾವಿಯೊಳಗೆ ನುಗ್ಗಿದೆ ಎಂದೇ ಅರ್ಥ. ಆಗ ಪಂಪು ನಿಲ್ಲಿಸಿ ಬಾವಿಯ ಬಾಯಿಯಲ್ಲಿರುವ, ಬ್ಲೋಔಟ್ ಪ್ರಿವೆಂಟರ್ ಎಂಬ ಭಾರಿ ಕವಾಟವನ್ನು ಮುಚ್ಚಬೇಕು. ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ರಿಗ್ಗಿನಲ್ಲಿ 2010ರ ಏಪ್ರಿಲ್ 20ರಂದು ಭಾರವಾದ ಮಡ್ ಹೊರತೆಗೆದು ಹಗುರವಾದ ಸಮುದ್ರದ ನೀರು ತುಂಬುತ್ತಿದ್ದಾಗ ಅನಿಲ ನುಗ್ಗಿತು, ಅದರ ಸೂಚನೆಗಳು ಹೊತ್ತಿಗೆ ಸರಿಯಾಗಿ ಗಮನಕ್ಕೆ ಬರಲಿಲ್ಲ. ಹನ್ನೊಂದು ಮಂದಿ ಸತ್ತರು. ಬಿಟ್‌ಗೂ ಆ ದುರಂತಕ್ಕೂ ಸಂಬಂಧವೇ ಇರಲಿಲ್ಲ.

ಲೇಖಕರು ರಷ್ಯದ ಕೋಲಾ ಬಾವಿಯನ್ನೂ ಹೆಸರಿಸಿ, ಅದು 1989ರಲ್ಲಿ 12,262 ಮೀಟರ್ ಮುಟ್ಟಿದ್ದನ್ನು ಉಕ್ಕಿನ ಗೆಲುವು ಎಂದಿದ್ದಾರೆ. ಅಷ್ಟು ಉದ್ದದ ಪೈಪನ್ನು ಮೇಲಿನಿಂದ ತಿರುಗಿಸಿ ಬಿಟ್ ಓಡಿಸುವುದು ಕಷ್ಟವೆಂದು ಅಲ್ಲಿ ಬಾವಿಯ ತಳದಲ್ಲೇ ಟರ್ಬೈನ್ ಇಟ್ಟಿದ್ದರು. ಅದನ್ನು ತಿರುಗಿಸುತ್ತಿದ್ದದ್ದೂ ಮೇಲಿನಿಂದ ಪಂಪು ಮಾಡಿದ ಮಡ್.

ಚಿತ್ರವನ್ನು ತಿದ್ದಿ ಮತ್ತೊಮ್ಮೆ ಅಚ್ಚು ಹಾಕುವ ಅವಕಾಶವಿದ್ದರೆ, ತಿರುಪಿನ ಸಲಾಕೆಯ ಜಾಗದಲ್ಲಿ ದಯವಿಟ್ಟು ಟೊಳ್ಳು ಪೈಪೊಂದನ್ನು ಬರೆಸಿ, ಅದರೊಳಗೆ ಕೆಳಮುಖದ ಬಾಣವನ್ನೂ ಸುತ್ತಲಿನ ಸಂದಿಯಲ್ಲಿ ಮೇಲ್ಮುಖದ ಬಾಣವನ್ನೂ ಹಾಕಿಸಬೇಕೆಂದು ಕೋರುತ್ತೇನೆ. ನೆಲದ ಮೇಲೆ ಒಂದು ಜರಡಿ, ಒಂದು ತೊಟ್ಟಿ, ಒಂದು ಪಂಪು ಇರಲಿ. ಜಾಗ ಸಾಲದಿದ್ದರೆ ಗೋಪುರವನ್ನು ಚಿಕ್ಕದು ಮಾಡಿದರೂ ಅಡ್ಡಿಯಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಓರ್ವ ನಿವೃತ್ತ ರಿಗ್ ಕೆಲಸಗಾರ